ಬಾಯಿಲ್ಲದವರ ಕೋಟು ತೊಟ್ಟ ದಿನ

ಆ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಬಂಗಾರಪೇಟೆಯ ಟಾಕೀಸಿನಲ್ಲಿ, ಅಮ್ಮನ ಜೊತೆ. ಅಮ್ಮ ಇಂಟರ್‌ವಲ್‌ಗೆ ಮೊದಲೇ ನಿದ್ದೆಹೋದಳು. ನಮ್ಮದು ಹಸು ಸಾಕುವ ಮನೆ. ಕೋಳಿ ಕೂಗುವ ಮೊದಲೇ ಎದ್ದು ಹಾಲು ಕರೆಯುವವಳು ಕತ್ತಲಲ್ಲಿ ಮೆತ್ತನೆಯ ಕುರ್ಚಿ ಸಿಕ್ಕರೆ ಇನ್ನೇನು ಮಾಡುತ್ತಾಳೆ. ನಾನು ಮಾತ್ರ ಕುರ್ಚಿಯ ತುದಿಗೆ ಬಂದು ಕೂತಿದ್ದೆ.

ಸೂರ್ಯ ಆರಿಹೋದ ಕಾಲದ ಕಥೆ ಅದು. ನೆಲದ ಮೇಲೆ ಗಾಜಿನ ಊರುಗಳಲ್ಲಿ ಬಿಳಿ ಬಟ್ಟೆಯ ಕೆಲವೇ ಜನ, ನೆಲದ ಒಳಗೆ ಸುರಂಗಗಳಲ್ಲಿ ಉಳಿದವರೆಲ್ಲ. ಒಳಗಿನಿಂದ ಒಬ್ಬಳು ಮೇಲೆ ಬರುತ್ತಾಳೆ. ತುಕ್ಕಿನ ಬಣ್ಣದ ಉದ್ದನೆಯ ಕೋಟು, ಕಿವಿ ಮುಚ್ಚುವಷ್ಟು ಎತ್ತರದ ಕಾಲರು. ಅವಳು ತಿರುಗಿದರೆ ಕೋಟಿನ ಅಂಚು ಒಂದು ಕ್ಷಣ ತಡವಾಗಿ ತಿರುಗುತ್ತಿತ್ತು. ಅವಳನ್ನು ತಡೆಯುವುದಕ್ಕೆ ಕಪ್ಪು ಬಟ್ಟೆಯ ಕಾವಲುಗಾರರಿದ್ದರು. ಅವರಿಗೆ ಮುಖವೇ ಇಲ್ಲ. ಕಣ್ಣಿನ ಜಾಗದಲ್ಲಿ ಎರಡು ದುಂಡನೆಯ ಗಾಜು, ಬಾಯಿಯ ಜಾಗದಲ್ಲಿ ತಾಮ್ರದ ಜಾಲರಿ. ಸಿನಿಮಾದಲ್ಲಿ ಅವರಿಗೆ ಏನೋ ದೊಡ್ಡ ಹೆಸರಿತ್ತು. ನಾವು ಅವರನ್ನು ‘ಬಾಯಿಲ್ಲದವರು’ ಎಂದೇ ಕರೆಯುತ್ತಿದ್ದೆವು.

ನಾವು ಎಂದರೆ ಮೂರು ಜನ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಸ್ಯಾಂಪಲ್ ಬಟ್ಟೆ ಹೊಲಿಯುವವಳು, ದಿನಾ ಬೆಳಗಿನ ಟ್ರೇನು. ಬಂಗಾರಪೇಟೆಯಲ್ಲಿ ನಾನು ಹತ್ತುವ ಹೊತ್ತಿಗೆ ಊರಿಗಾಂನಿಂದ ಬರುವ ಗೆಳತಿ ನನಗೆ ಜಾಗ ಹಿಡಿದಿರುತ್ತಿದ್ದಳು. ಅವಳು ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕೆಲಸದವಳು. ನನಗಿಂತ ಚಿಕ್ಕವಳು, ಮನೆಮಾತು ತಮಿಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳಪ್ಪ ಗಣಿ ಮುಚ್ಚುವವರೆಗೂ ಒಳಗೆ ಇಳಿದವರು. ಮೂರನೆಯವರು ಆಂಡರ್ಸನ್‌ಪೇಟೆಯ ಒಬ್ಬ ಮೇಷ್ಟ್ರು. ಬೆಂಗಳೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳುತ್ತಿದ್ದರು. ಐವತ್ತು ದಾಟಿದ್ದರೂ ಸಿನಿಮಾ ಮಾತು ಬಂದರೆ ಕಾಲೇಜು ಹುಡುಗರಿಗಿಂತ ಹೆಚ್ಚು ಕೈ ಆಡಿಸುತ್ತಿದ್ದರು. ಅವರ ಪರಿಚಯವಾದದ್ದೇ ಈ ಸಿನಿಮಾದಿಂದ. ನಾನೂ ಗೆಳತಿಯೂ ಕೋಟಿನ ಕಾಲರಿನ ಬಗ್ಗೆ ಮಾತಾಡುತ್ತಿದ್ದಾಗ ಎದುರು ಸೀಟಿನಿಂದ, “ಕಾಲರಲ್ಲಮ್ಮ, ಆ ಬೆಳಕು ನೋಡಿದ್ರಾ, ಬೆಳಕು?” ಎಂದು ಬಾಗಿದವರು ಮತ್ತೆ ಹಿಂದಕ್ಕೆ ಒರಗಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಅದೇ ಮಾತು. ನೆಲದೊಳಗಿನ ಲಿಫ್ಟು ಸದ್ದಿಲ್ಲದೆ ಇಳಿಯುವುದು ಶುದ್ಧ ಸುಳ್ಳು ಎಂದು ಗೆಳತಿಯ ತಕರಾರು. “ಅಪ್ಪ ಏಳ್ತಾರೆ, ಗಣೀಲಿ ಕೇಜು ಇಳಿದ್ರೆ ಬಾಯೊಳಗಿನ ಅಲ್ಲು ಅಲ್ಲಾಡ್ತಿತ್ತಂತೆ. ಇವ್ಳು ಕೂದ್ಲು ಕೂಡ ಅಲ್ಲಾಡದಂಗೆ ನಿಂತವ್ಳೆ!” ಬಿಳಿ ಬಟ್ಟೆಯ ಖಳನ ಷೂಗೆ ಒಂದು ಚುಕ್ಕೆ ಮಣ್ಣೂ ಅಂಟದ್ದು ಹೇಗೆ ಎಂದು ಇನ್ನೊಂದು ದಿನ. ಆದರೆ ನಿಜವಾದ ಜಗಳ ಇದ್ದದ್ದು ಒಬ್ಬ ಬಾಯಿಲ್ಲದ ಕಾವಲುಗಾರನ ಬಗ್ಗೆ. ಕಡೆಯ ಗೇಟಿನಲ್ಲಿ ನಾಯಕಿ ಸಿಕ್ಕಿಬಿದ್ದಾಗ ಅವರಲ್ಲೊಬ್ಬ ಬಂದೂಕು ಎತ್ತಿ, ಹಾಗೇ ನಿಂತು, ನಿಧಾನವಾಗಿ ಇಳಿಸಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಅವನ ಮುಖವನ್ನು ಸಿನಿಮಾ ತೋರಿಸುವುದೇ ಇಲ್ಲ. ಒಳಗೆ ಮನುಷ್ಯ ಇಲ್ಲ, ಅದು ಕೆಟ್ಟುಹೋದ ಯಂತ್ರ ಎಂದು ಮೇಷ್ಟ್ರು. ಮನುಷ್ಯನೇ, ನಾಯಕಿಯ ಕಳೆದುಹೋದ ಅಣ್ಣ ಎಂದು ಗೆಳತಿ. ನನಗೆ ಮಾತ್ರ ಅದು ಹೆಂಗಸು ಅನಿಸಿತ್ತು. ಬಂದೂಕು ಇಳಿಸುವಾಗ ಇನ್ನೊಂದು ಕೈಯಲ್ಲಿ ಕೋಟಿನ ಸೆರಗನ್ನು ಒಂದಿಷ್ಟು ಎತ್ತಿಕೊಂಡಿದ್ದಳು. ನೆಲ ಒದ್ದೆಯಿದ್ದಾಗ ನಾವು ಸೀರೆ ಎತ್ತಿಕೊಳ್ಳುತ್ತೇವಲ್ಲ, ಹಾಗೆ. ಇದನ್ನು ಹೇಳಿದಾಗ ಮೇಷ್ಟ್ರು ನಕ್ಕರು. ಮಾರನೆಯ ದಿನ ಫೋನಿನಲ್ಲಿ ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿಕೊಂಡು ಬಂದು, “ಇರಬಹುದು” ಎಂದರು.

ಆ ಬಟ್ಟೆಗಳನ್ನು ಹೊಲಿಯಬೇಕು ಎಂದದ್ದು ನಾನೇ. ಹೊಲಿದು, ತೊಟ್ಟು, ಸೈನೈಡ್ ಗುಡ್ಡದ ಮೇಲೆ ಫೋಟೋ ತೆಗೆಯೋಣ ಎಂದದ್ದು ಗೆಳತಿ. ಚಿನ್ನ ಬೇರೆ ಮಾಡಿದ ಮೇಲೆ ಉಳಿದ ಪುಡಿಮಣ್ಣನ್ನು ಗಣಿಯವರು ವರ್ಷಗಟ್ಟಲೆ ಸುರಿದು ಸುರಿದು ಬೆಳೆದ ಗುಡ್ಡಗಳು ಅವು. ಹುಲ್ಲಿಲ್ಲ, ಮರವಿಲ್ಲ, ಮಳೆ ನೀರು ಕೊರೆದ ಸೀಳುಗಳು. ಆ ಸಿನಿಮಾದ ಸತ್ತ ನೆಲಕ್ಕೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ನಾಯಕಿಯ ಕೋಟಿಗೆ ದಪ್ಪನೆಯ ಸೋಫಾ ಬಟ್ಟೆ ತಂದೆ. ಬಾಯಿಲ್ಲದವರ ಕೋಟುಗಳಿಗೆ ಕೊಡೆಯ ಬಟ್ಟೆ. ಮುಖವಾಡಕ್ಕೆ ಎಳೆದರೆ ಹಿಗ್ಗುವ ಕಪ್ಪು ಬಟ್ಟೆ, ಕಣ್ಣಿಗೆ ವೆಲ್ಡಿಂಗ್ ಕನ್ನಡಕದ ಗಾಜು, ಬಾಯಿಗೆ ಸ್ಪಂಜು ಇಟ್ಟು ಅದರ ಮೇಲೆ ಪಾತ್ರೆ ತಿಕ್ಕುವ ತಾಮ್ರದ ನಾರನ್ನು ಬಿಡಿಸಿ ಹೊಲಿದೆ. ತಲೆಯ ಹಿಂದೆ ಜಿಪ್ಪು, ಅದನ್ನು ಮುಚ್ಚುವಂತೆ ಕಾಲರು. ಅಮ್ಮ ಅದನ್ನು ನೋಡಿ, “ದನ ನೋಡಿದ್ರೆ ಆಲು ಕೊಡಕಿಲ್ಲ, ಒಳಗಿಡು” ಎಂದಳು.

ಆಷಾಢದ ಒಂದು ಭಾನುವಾರ ಹೋದೆವು. ಗೆಳತಿಯ ಅಣ್ಣ ಆಟೋ ಓಡಿಸುತ್ತಿದ್ದ, ಅವನೇ ಕರೆದುಕೊಂಡು ಹೋದ. ಅವನಿಗೆ ಸಿನಿಮಾ ಹುಚ್ಚಿಲ್ಲ, ಫೋಟೋ ತೆಗೆಯುವ ಕೈ ಚೆನ್ನಾಗಿತ್ತು. ಊಟ ಮುಗಿದ ಹೊತ್ತು, ಮೋಡವೂ ಬಿಸಿಲೂ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಆಟೋವನ್ನು ರಸ್ತೆಯ ಕಡೆ ನಿಲ್ಲಿಸಿ ಮೇಲೆ ಹತ್ತಿದೆವು. ಗೆಳತಿ ತುಕ್ಕಿನ ಬಣ್ಣದ ಕೋಟಿನಲ್ಲಿ, ನಾನೂ ಮೇಷ್ಟ್ರೂ ಬಾಯಿಲ್ಲದವರಾಗಿ. ಮೇಷ್ಟ್ರು ಮುಖವಾಡದ ಮೇಲೆಯೇ ತಮ್ಮ ಸ್ವಂತ ಕನ್ನಡಕ ಹಾಕಿಕೊಂಡು ನಿಂತದ್ದನ್ನು ನೋಡಿ ಗೆಳತಿ ನಗುತ್ತಾ ಕೂತುಬಿಟ್ಟಳು. ಆ ನಗುವಿನ ಫೋಟೋ ಒಂದಿದೆ. ಆ ದಿನದ್ದರಲ್ಲಿ ನಾನು ನೋಡಬಲ್ಲ ಫೋಟೋ ಅದೊಂದೇ.

ಗಾಳಿ ಮೊದಲಿಂದಲೂ ಇತ್ತು. ಆದರೆ ಒಮ್ಮೆಗೇ ಅದು ನೆಲವನ್ನೇ ಎತ್ತಿಕೊಂಡು ಬಂತು. ಎದುರಿನ ಗುಡ್ಡ ಕಾಣದಾಯಿತು. ಆಮೇಲೆ ಗೆಳತಿಯ ಕೋಟು ಕಾಣದಾಯಿತು. ಬಿಳಿಹಳದಿ ಪುಡಿ ಗಾಜಿಗೆ ಸುರಿಯುವ ಸದ್ದು ಮಾತ್ರ. ಆ ಪುಡಿ ಒಳ್ಳೆಯದಲ್ಲ ಎಂದು ಕೆಜಿಎಫ್‌ನಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅಣ್ಣ ಎಲ್ಲಿಂದಲೋ, “ಇಳೀರಿ, ಇಳೀರಿ!” ಎಂದು ಕೂಗುತ್ತಿದ್ದ. ನಾನು ಇಳಿದೆ. ಯಾವ ಕಡೆಗೆ ಇಳಿಯುತ್ತಿದ್ದೇನೆ ಎಂದು ತಿಳಿಯಲಿಲ್ಲ. ಸೀಳೊಂದರಲ್ಲಿ ಜಾರಿ, ಕೂತುಕೊಂಡೇ ಕೆಳಗೆ ಬಂದೆ. ಅದು ರಸ್ತೆಯ ಕಡೆಯಲ್ಲ, ಗುಡ್ಡದ ಬೆನ್ನು. ಅಲ್ಲೊಂದು ಸಣ್ಣ ಊರಿದೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಬುಡದಲ್ಲಿ ಮೇಕೆಗಳು ಅರಚುತ್ತಿದ್ದವು. ಅವುಗಳ ನಡುವೆ ಒಂದು ಹೆಣ್ಣುಮಗು, ನಾಲ್ಕೈದು ವರ್ಷದ್ದಿರಬೇಕು, ಎರಡೂ ಕಣ್ಣು ಉಜ್ಜಿಕೊಳ್ಳುತ್ತಾ ಬಾಯಿ ತೆರೆದು ಅಳುತ್ತಿತ್ತು. ಅತ್ತಷ್ಟೂ ಆ ಪುಡಿ ಬಾಯೊಳಗೆ ಹೋಗುತ್ತಿತ್ತು. ಎರಡು ಹೆಜ್ಜೆ ಹಿಂದೆ ನೀರು ಕೊರೆದ ಹಳ್ಳ. ಮಗುವಿಗೆ ಕಣ್ಣು ಕಾಣುತ್ತಿಲ್ಲ, ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದೆ. ನಾನು ಓಡಿಹೋಗಿ ಎತ್ತಿಕೊಂಡೆ. ಕೋಟಿನ ಒಳಗಿದ್ದ ದುಪಟ್ಟಾ ಎಳೆದು ಅದರ ಮುಖಕ್ಕೆ ಸುತ್ತಿ, ಎದೆಗೆ ಒತ್ತಿಕೊಂಡು, ಗಾಳಿಗೆ ಬೆನ್ನು ಕೊಟ್ಟು ಓಡಿದೆ. ಮಗು ಮೊದಲು ಒದೆಯಿತು. ಆಮೇಲೆ ಕೋಟಿನ ಕೊರಳಿಗೆ ಕಟ್ಟಿದ್ದ ದಾರವನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಾಯಿತು.

ಆಗ ಒಬ್ಬ ಹೆಂಗಸು ಕಿರುಚಿದ್ದು ಕೇಳಿಸಿತು.

ಆ ದಿನಗಳಲ್ಲಿ ನಮ್ಮ ಕಡೆಯ ಫೋನುಗಳಲ್ಲೆಲ್ಲ ಒಂದೇ ಸುದ್ದಿ. ಮಕ್ಕಳ ಕಳ್ಳರು ಬಂದಿದ್ದಾರೆ, ಮುಖ ಮುಚ್ಚಿಕೊಂಡು ತಿರುಗುತ್ತಾರೆ, ಬೂದಿ ಎರಚಿ ಮಂಕು ಹಿಡಿಸಿ ಹೊತ್ತೊಯ್ಯುತ್ತಾರೆ. ನನಗೂ ಬಂದಿತ್ತು. ನಾನೂ ಓದಿ, ನಿಜವೋ ಸುಳ್ಳೋ ಎಂದು ಯೋಚಿಸದೆ, ಪಕ್ಕದ ಮನೆಯವಳಿಗೆ ಹೇಳಿದ್ದೆ. ಆದರೆ ಆ ಗಳಿಗೆಯಲ್ಲಿ ಅದ್ಯಾವುದೂ ನನ್ನ ತಲೆಯಲ್ಲಿರಲಿಲ್ಲ. ನಾನು ಆ ಹೆಂಗಸಿನ ಕಡೆಗೇ ಓಡಿದೆ, ಮಗುವನ್ನು ಕೊಡೋಣ ಎಂದು. ಅವಳು ನೋಡಿದ್ದು ಬೇರೆ. ಕಣ್ಣಿಲ್ಲದ, ಬಾಯಿಲ್ಲದ ಕಪ್ಪು ಆಕಾರವೊಂದು ಧೂಳಿನಿಂದ ಎದ್ದುಬಂದಿದೆ. ಅದರ ಕೈಯಲ್ಲಿ ಮುಖ ಕಟ್ಟಿದ ಅವಳ ಮಗಳಿದ್ದಾಳೆ.

“ಇಡ್ಕೊಳ್ರೋ! ಮಗೂನ ಎತ್ಕೊಂಡೋಗ್ತಾವ್ರೆ! ಇಡ್ಕೊಳ್ರೋ!”

ಮನೆಗಳಿಂದ ಜನ ಬಂದರು, ಕೆಲವರು ಕೋಲು ಹಿಡಿದು, ಒಬ್ಬ ಫೋಟೋ ತೆಗೆಯಲು ಫೋನು ಎತ್ತಿಹಿಡಿದು. ಎಷ್ಟು ಜನವೆಂದು ನನಗೆ ಗೊತ್ತಿಲ್ಲ. ಆ ಗಾಜಿನಲ್ಲಿ ಎದುರು ಇದ್ದದ್ದು ಮಾತ್ರ ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಆದ್ದರಿಂದ ಮೊದಲ ಏಟು ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. ಭುಜಕ್ಕೆ ಬಿತ್ತು. ಮಗುವಿಗೆ ಬೀಳಬಾರದೆಂದು ನಾನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡೆ. ಅದೇ ತಪ್ಪಾಯಿತು. “ಬಿಡಲ್ಲ ಅಂತದೆ ನೋಡ್ರೋ!” ಎಂದು ಯಾರೋ ಕೂಗಿದರು.

ತಾಯಿ ಮಗುವನ್ನು ಕಿತ್ತುಕೊಂಡಳು. ಮಗುವಿನ ಮುಷ್ಟಿ ದಾರವನ್ನು ಬಿಡಲಿಲ್ಲ. ಅವಳು ಎಳೆದಂತೆಲ್ಲ ನಾನೂ ಮುಂದಕ್ಕೆ ಬಾಗುತ್ತಿದ್ದೆ. ಕೊನೆಗೆ ದಾರ ಹರಿಯಿತು. ದುಪಟ್ಟಾ ಬಿಚ್ಚಿ ನೋಡಿದರೆ ಮಗುವಿನ ಕೂದಲು, ಹುಬ್ಬು, ಕೆನ್ನೆ ಎಲ್ಲ ಪುಡಿ ಮೆತ್ತಿ ಬೆಳ್ಳಗಾಗಿತ್ತು.

“ಮಂಕುಬೂದಿ!” ಎಂದಿತು ಒಂದು ಮುದಿ ದನಿ. “ಮಂಕುಬೂದಿ ಎರಚವ್ರೆ ಕಣ್ರೋ, ಅದ್ಕೇ ಮಗು ಅಳದಂಗಾಗದೆ!”

ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ಮುಖ ತೋರಿಸಿದರೆ ಸಾಕು, ನಾನೂ ನಿಮ್ಮಂಥವಳೇ ಎಂದರೆ ಸಾಕು ಎಂದುಕೊಂಡು ತಲೆಯ ಹಿಂದೆ ಕೈ ಹಾಕಿದೆ. ಜಿಪ್ಪಿನ ಹಲ್ಲುಗಳಲ್ಲಿ ಪುಡಿ ತುಂಬಿತ್ತು. ಎಳೆದೆ, ಬರಲಿಲ್ಲ. ಮತ್ತೆ ಎಳೆದೆ, ಅದರ ತುದಿ ಮುರಿದು ಕೈಗೆ ಬಂತು. ಬಿಚ್ಚದೆ ಉಳಿದರೂ ಪರವಾಗಿಲ್ಲ, ಮಾತಾಡೋಣ ಎಂದರೆ ಬಾಯಿಗೆ ಸ್ಪಂಜು, ಗಂಟಲಿನ ತುಂಬ ಧೂಳು. “ನಾನು ಬಂಗಾರಪೇಟೆಯವಳು” ಎಂದೆ. ಹೊರಗೆ ಬಂದದ್ದು ಗೊಗ್ಗರು ಸದ್ದು. ಮುಂದೆ ನಿಂತಿದ್ದ ಹುಡುಗ ಹೆದರಿ ಹಿಂದಕ್ಕೆ ಹಾರಿ, ಆ ಹೆದರಿಕೆಯಲ್ಲೇ ಕೋಲು ಬೀಸಿದ. ಅವನ ಕಣ್ಣಲ್ಲಿದ್ದದ್ದು ಸಿಟ್ಟಲ್ಲ. ನಾನು ಅವನಿಗೆ ಹೆದರಿದಷ್ಟೇ ಅವನು ನನಗೆ ಹೆದರಿದ್ದ. ಅದು ತಿಳಿದು ನನಗೆ ಇನ್ನೂ ಹೆದರಿಕೆಯಾಯಿತು. ಹೆದರಿದವರ ಏಟಿಗೆ ಲೆಕ್ಕ ಇರುವುದಿಲ್ಲ.

“ಯಾವೂರ್ಲೇ ನಿಂದು? ಬಾಯ್ ಬಿಡು! ಬಾಯ್ ಯಾಕ್ ಬಿಡಲ್ಲ?”

ಅಷ್ಟರಲ್ಲಿ ಮೇಷ್ಟ್ರು, ಗೆಳತಿ, ಅವಳ ಅಣ್ಣ ಧೂಳಿನಿಂದ ಇಳಿದುಬಂದರು. ಮೇಷ್ಟ್ರು ಮುಖವಾಡವನ್ನು ಗುಡ್ಡದ ಮೇಲೇ ಹೇಗೋ ಕಿತ್ತಿದ್ದರು. ಆದರೆ ಅದು ಅವರ ಕೈಯಲ್ಲೇ ಇತ್ತು. “ಇನ್ನೊಬ್ಬ! ಇನ್ನೊಬ್ಬ ಅವ್ನೆ!” ಎಂದು ಅರ್ಧ ಗುಂಪು ಅವರ ಕಡೆ ತಿರುಗಿತು. ಮೇಷ್ಟ್ರು ಎರಡೂ ಕೈ ಎತ್ತಿ, ತರಗತಿಯಲ್ಲಿ ಹೇಳುವ ದನಿಯಲ್ಲಿ, “ಒಂದು ನಿಮಿಷ, ಒಂದು ನಿಮಿಷ, ಇದು ಸಿನಿಮಾ ವೇಷ, ನೋಡಿ ಇಲ್ಲಿ” ಎಂದು ಫೋನು ತೆಗೆದು ಸಿನಿಮಾದ ಫೋಟೋಗಳನ್ನು ತೋರಿಸಿದರು. ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿರಲಿಲ್ಲ. ಫೋನಿನ ತುಂಬ ಮುಖವಿಲ್ಲದವರ ಸಾಲು, ಕೈಯಲ್ಲಿ ಬಂದೂಕು. ಫೋನು ಹಿಡಿದವನು, “ಇವ್ರದು ದೊಡ್ಡ ಗ್ಯಾಂಗೇ ಅದೆ!” ಎಂದು ಅದನ್ನು ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸಿದ. ಮೇಷ್ಟ್ರ ಕಿವಿಯ ಮೇಲೆ ಏಟು ಬಿತ್ತು. ಕನ್ನಡಕ ಹಾರಿತು. ಅವರು ಕೂಗಲಿಲ್ಲ, ಮೆಲ್ಲಗೆ ನೆಲದ ಮೇಲೆ ಕೂತರು, ಯಾರೋ ಕೂರಲು ಹೇಳಿದ ಹಾಗೆ.

ಗೆಳತಿಯ ಅಣ್ಣ ತೆಲುಗಿನಲ್ಲಿ, ಕನ್ನಡದಲ್ಲಿ, ತಮಿಳಿನಲ್ಲಿ, ಯಾವುದು ಬಾಯಿಗೆ ಬಂದರೆ ಅದರಲ್ಲಿ ಬೇಡಿಕೊಳ್ಳುತ್ತಿದ್ದ. ಗೆಳತಿ ನನ್ನ ಬಳಿಗೆ ನುಗ್ಗಿ ಬಂದು ನನ್ನನ್ನು ಹಿಂದಿನಿಂದ ತಬ್ಬಿಕೊಂಡು ನಿಂತಳು. “ಅಕ್ಕಾ, ಉಸಿರಾಡಕ್ಕಾ, ಉಸಿರಾಡು” ಎನ್ನುತ್ತಿದ್ದಳು. ಅವಳ ಎದೆ ಬಡಿಯುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. “ಇದು ಬಿಚ್ಚಕ್ಕೆ ಬತ್ತಿಲ್ಲ! ಕತ್ರಿ ಕೊಡ್ರಿ ಯಾರಾನಾ! ಇವ್ಳು ಸತ್ತೋಗ್ತಾಳೆ!” ಎಂದು ಕಿರುಚಿದಳು.

ಸತ್ತುಹೋಗುತ್ತಾಳೆ ಎಂದದ್ದು ಕೆಲವರ ಕಿವಿಗಾದರೂ ಬಿತ್ತು. ‘ಅದು’ ಎನ್ನುತ್ತಿದ್ದವರು ‘ಇವಳು’ ಎಂಬುದನ್ನು ಕೇಳಿದರು ಅಂತ ಈಗ ಅನಿಸುತ್ತದೆ. ಮೇಕೆ ಕಾಯುವ ಒಬ್ಬ ಮುದುಕ ಕೋಲುಗಳ ನಡುವೆ ತೂರಿ ಬಂದು, “ಸರೀರಿ, ಸರೀರಿ, ಒಳಗೆ ಏನದೆ ನೋಡೋಣ” ಎಂದ. ಸೊಪ್ಪು ಕೊಯ್ಯುವ ಕುಡುಗೋಲು ಅವನ ಕೈಯಲ್ಲಿತ್ತು. ಅದರ ಮೊನೆ ನನ್ನ ಕತ್ತಿನ ಹಿಂದೆ ಕಾಲರಿನೊಳಗೆ ಇಳಿದದ್ದು ತಣ್ಣಗೆ ತಿಳಿಯಿತು. ಯಾರಾದರೂ ಹಿಂದಿನಿಂದ ತಳ್ಳಿದರೆ ಮುಗಿಯಿತು. ನಾನು ಉಸಿರು ಬಿಗಿಹಿಡಿದು ಅಮ್ಮನನ್ನು ನೆನೆದುಕೊಂಡೆ. ದೇವರು ನೆನಪಿಗೆ ಬರಲಿಲ್ಲ. ಅಮ್ಮ ಈ ಹೊತ್ತಿಗೆ ಹಸುವಿಗೆ ಬೂಸಾ ಕಲಸುತ್ತಿರುತ್ತಾಳೆ ಎಂಬುದಷ್ಟೇ ಬಂತು. ಬಟ್ಟೆ ಪರ್‍ರೆಂದು ಹರಿಯಿತು. ಗಾಳಿ ಮುಖಕ್ಕೆ ಬಡಿಯಿತು.

ನಾನು ಕೆಮ್ಮುತ್ತಾ ಕೆಳಗೆ ಬಿದ್ದೆ. ಬೆವರು, ಕಣ್ಣೀರು, ಧೂಳು ಕಲಸಿಹೋದ ಮುಖ ಹೇಗಿತ್ತೋ. ಆಗ ಗುಂಪಿನ ಹಿಂದಿನಿಂದ ಒಬ್ಬಳು ಇಣುಕಿ, “ಅಯ್ಯೋ, ಈಯಮ್ಮ ಟ್ರೇನಲ್ಲಿ ಬರೋರಲ್ವಾ?” ಎಂದಳು. ಮುಂದೆ ಬಂದು ನನ್ನನ್ನೂ ಗೆಳತಿಯನ್ನೂ ಮೇಷ್ಟ್ರನ್ನೂ ನೋಡಿ ಅವಳ ದನಿ ಏರಿತು. “ಊಂ ಕಣ್ರೋ! ಮೂರು ಜನಾನೂ ನಮ್ ಡಬ್ಬೀಲೇ ಬತ್ತಾರೆ. ದಿನಾ ಬೆಳಗ್ಗೆ ಅದ್ಯಾವ್ದೋ ಸಿನ್ಮಾ ಮಾತಾಡ್ಕೊಂಡು ನನ್ ನಿದ್ದೆ ಕೆಡುಸ್ತಾರೆ. ಕಳ್ರೂ ಅಲ್ಲ ಏನೂ ಅಲ್ಲ, ಒಡೀಬ್ಯಾಡ್ರೋ!”

ಅವಳ ಮುಖ ನನಗೆ ಗುರುತಿರಲಿಲ್ಲ. ದಿನಾ ನಮ್ಮ ಪಕ್ಕದಲ್ಲೇ ಮುಸುಕು ಹೊದ್ದು ಮಲಗುವ ಯಾರನ್ನೂ ನಾವು ನೋಡಿರಲಿಲ್ಲ.

ಕೋಲುಗಳು ಇಳಿದವು, ಆದರೆ ಜನ ಚೆದುರಲಿಲ್ಲ. ಅರ್ಧ ಜನ ನಂಬಿದರು, ಅರ್ಧ ಜನ ನಂಬಲಿಲ್ಲ. ಪೊಲೀಸರು ಬರುವ ತನಕ ಇವರು ಎಲ್ಲೂ ಹೋಗಬಾರದು ಎಂದು ತೀರ್ಮಾನವಾಗಿ, ನಮ್ಮ ನಾಲ್ವರನ್ನೂ ಹಾಲಿನ ಡೇರಿಯ ಕೋಣೆಯಲ್ಲಿ ಕೂಡಿ ಹೊರಗೆ ಚಿಲಕ ಹಾಕಿದರು. ಖಾಲಿ ಕ್ಯಾನುಗಳ ಹುಳಿ ವಾಸನೆ. ನಮ್ಮ ಮನೆಯ ವಾಸನೆಯೇ. ಆದರೂ ಅಲ್ಲಿ ಕೂತಾಗಲೇ ನನಗೆ ನಡುಕ ಶುರುವಾದದ್ದು. ಮೇಷ್ಟ್ರ ಕಿವಿಯಿಂದ ರಕ್ತ ಸೋರುತ್ತಿತ್ತು. ಗೆಳತಿ ನನ್ನ ಹರಿದ ಕೋಟಿನ ತುಂಡನ್ನು ಮಡಿಸಿ ಅದಕ್ಕೆ ಒತ್ತಿಹಿಡಿದಿದ್ದಳು. ಹೊರಗೆ ಬೈಕುಗಳು ಬಂದು ನಿಲ್ಲುವ ಸದ್ದು. ಪಕ್ಕದ ಊರುಗಳಿಂದ ನೋಡಲು ಬರುತ್ತಿದ್ದರು. ಕಿಟಕಿಯ ಸರಳುಗಳ ಸಂದಿಯಲ್ಲಿ ಫೋನು ತೂರಿಸಿ ನಮ್ಮ ಫೋಟೋ ತೆಗೆಯುತ್ತಿದ್ದರು. ಬಂದವರಿಗೆಲ್ಲ ಒಳಗಿರುವವರು ಕಳ್ಳರು. ಟ್ರೇನಿನ ಹೆಂಗಸು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಒಬ್ಬೊಬ್ಬರಿಗೂ ಮೊದಲಿಂದ ಹೇಳುತ್ತಿದ್ದಳು. ಅವಳ ಗಂಟಲು ಕಟ್ಟಿದ್ದು ಒಳಗಿದ್ದ ನಮಗೆ ತಿಳಿಯುತ್ತಿತ್ತು.

ನನ್ನ ಫೋನು ಬಡಿಯಿತು. ಅಮ್ಮ.

“ಎಲ್ಲಿದ್ದೀಯೆ? ಬೇಗ ಬಾ ಕಣೆ. ಕೆಜಿಎಫ್ ತಾವ ಮಕ್ಕಳ ಕಳ್ರು ಸಿಕ್ಕಾಕ್ಕೊಂಡವ್ರಂತೆ. ಫೋಟೋ ಬಂದದೆ, ಎದುರುಮನೆಯವ್ರು ತೋರ್ಸಿದ್ರು. ರಾಕ್ಷಸರಂಗವ್ರೆ, ಮುಖಾನೇ ಇಲ್ಲ. ಇನ್ನೂ ನಾಕು ಜನ ತಪ್ಪುಸ್ಕೊಂಡವ್ರಂತೆ. ಒಬ್ಳೇ ಬರಬ್ಯಾಡ, ಆ ಊರಿಗಾಂ ಹುಡ್ಗೀನ ಜೊತೆಗೆ ಕರ್ಕೊಂಡು ಬಾ.”

ಅಮ್ಮ ಹೊಲಿಗೆ ಮಿಷನ್ನಿನ ಪಕ್ಕ ಕಂಡಿದ್ದ ಅದೇ ಮುಖವಾಡ. ಆದರೆ ಫೋಟೋದಲ್ಲಿ ಅವಳಿಗೆ ಅದರ ಗುರುತು ಹತ್ತಿರಲಿಲ್ಲ. ಹೆದರಿಕೆ ಅವಳ ಕಣ್ಣಿಗೂ ಗಾಜು ಕಟ್ಟಿತ್ತು.

“ಊಂ ಕಣಮ್ಮ” ಎಂದೆ. “ಬತ್ತೀನಿ.”

“ದನಿ ಯಾಕಂಗದೆ?”

“ಧೂಳು.”

ಹೊತ್ತು ಇಳಿಯುವ ಮೊದಲು ಜೀಪು ಬಂತು. ಅದಕ್ಕೂ ಮುಂಚೆ ಕಿಟಕಿಯ ಹತ್ತಿರ ಮಗುವಿನ ತಾಯಿ ಬಂದು ನಿಂತಳು. ಕಂಕುಳಲ್ಲಿ ಮಗು. ಮುಖ ತೊಳೆಸಿದ್ದಳು. ಕಣ್ಣು ಕೆಂಪಗೆ ಊದಿಕೊಂಡಿದ್ದವು. ನನ್ನ ದುಪಟ್ಟಾ ಅವಳ ಕೈಯಲ್ಲಿತ್ತು.

“ಮುಖಕ್ಕೆ ಇದನ್ನ ಯಾಕೆ ಕಟ್ಟಿದ್ರಿ?” ಎಂದಳು.

“ಬಾಯೊಳಕ್ಕೆ ಧೂಳು ಓಗ್ತಿತ್ತು. ಇಂದೆ ಅಳ್ಳ ಇತ್ತು.”

ಅವಳು ತಿರುಗಿ ಗುಡ್ಡದ ಬುಡದ ಕಡೆ ನೋಡಿದಳು. ಆ ಹಳ್ಳ ಅವಳಿಗೆ ಗೊತ್ತಿತ್ತು. ದುಪಟ್ಟಾವನ್ನು ಸರಳಿನ ಸಂದಿಯಿಂದ ಒಳಕ್ಕೆ ತುರುಕಿ ಹೋದಳು. ಕ್ಷಮಿಸಿ ಎನ್ನಲಿಲ್ಲ. ನಾನು ಅದನ್ನು ಕಾಯಲೂ ಇಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಕಿರುಚುತ್ತಿದ್ದೆ.

ಪೊಲೀಸರು ನಮ್ಮನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ, ಹೆಸರು ವಿಳಾಸ ಕೇಳಿ, ಸಿನಿಮಾದ ಕಥೆಯನ್ನೂ ಕೇಳಿದರು. ಮೇಷ್ಟ್ರೇ ಹೇಳಿದರು. ಒಂದು ಕಿವಿಗೆ ಬಟ್ಟೆ ಒತ್ತಿಕೊಂಡು, ಸೂರ್ಯ ಆರಿಹೋದದ್ದು, ನೆಲದೊಳಗಿನ ಜನ, ಎಲ್ಲ. ಬಾಯಿಲ್ಲದವರ ವಿಷಯಕ್ಕೆ ಬಂದಾಗ ಅವರ ಮಾತು ನಿಂತಿತು. “ಸಾಕು ಬಿಡಿ ಸಾರ್, ಆಸ್ಪತ್ರೆಗೆ ಓಗಿ” ಎಂದರು ಪೊಲೀಸಿನವರು. ಹೊಲಿಗೆ ಬಿತ್ತು. ಆ ಕಿವಿ ಈಗಲೂ ಅವರಿಗೆ ಸರಿಯಾಗಿ ಕೇಳುವುದಿಲ್ಲ. ಟ್ರೇನಿನಲ್ಲಿ ಇನ್ನೊಂದು ಕಿವಿಯನ್ನು ನಮ್ಮ ಕಡೆ ಇಟ್ಟು ಕೂರುತ್ತಾರೆ.

ಅಮ್ಮನಿಗೆ ಮಾರನೆಯ ಬೆಳಗ್ಗೆ ಹೇಳಿದೆ. ಭುಜದ ಬಾಸುಂಡೆ ತೋರಿಸಬೇಕಾಯಿತು, ಕೈ ಎತ್ತಿ ಹಾಲು ಕರೆಯಲಾಗುತ್ತಿರಲಿಲ್ಲ. ಅವಳು ಬೈಯಲಿಲ್ಲ. ಬಿಸಿನೀರಿನ ಬಟ್ಟೆ ಒತ್ತುತ್ತಾ, “ಆ ಫೋಟೋ ನೋಡಿ ‘ಇವ್ರನ್ನ ಸಾಯಿಸ್ಬೇಕು’ ಅಂದೆ ಕಣೆ ನಾನು. ನನ್ ಬಾಯಲ್ಲೇ ಅಂದೆ” ಎಂದಳು. ಆಮೇಲೆ ಬಹಳ ದಿನ ಅವಳು ನನ್ನ ಮುಖ ನೋಡುವಾಗ ಏನನ್ನೋ ಹುಡುಕುತ್ತಿರುವಂತೆ ಕಾಣುತ್ತಿತ್ತು.

ನಾನು ಮೂರು ವಾರ ಕೆಲಸಕ್ಕೆ ಹೋಗಲಿಲ್ಲ. ಹೋದ ಮೇಲೂ ಟ್ರೇನಿನಲ್ಲಿ ಸಿನಿಮಾದ ಮಾತು ಬರಲಿಲ್ಲ. ಮೂವರೂ ಕೂತು ಹವಾಮಾನ, ತರಕಾರಿ, ಕಾಲು ನೋವು ಮಾತಾಡುತ್ತಿದ್ದೆವು. ಗುಂಪು ಕಂಡರೆ ನನಗೆ ಈಗಲೂ ಅಕ್ಕಪಕ್ಕ ತಿರುಗಿ ನೋಡಬೇಕೆನಿಸುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಅಳುವ ಮಗು ಕಂಡರೆ ಕೈ ಮುಂದೆ ಹೋಗಿ, ಹಿಂದಕ್ಕೆ ಬರುತ್ತದೆ. ಅದು ನನಗೆ ಎಲ್ಲಕ್ಕಿಂತ ನೋವಿನ ವಿಷಯ. ನಮ್ಮ ಪಕ್ಕದಲ್ಲಿ ಮುಸುಕು ಹೊದ್ದು ಮಲಗುವ ಆ ಹೆಂಗಸಿಗೆ ಈಗ ನಾವು ಜಾಗ ಹಿಡಿಯುತ್ತೇವೆ. ಅವಳು ಮಲಗಿದರೆ ದನಿ ತಗ್ಗಿಸುತ್ತೇವೆ. ಒಂದು ದಿನ ಮುಸುಕಿನೊಳಗಿಂದಲೇ, “ಅದ್ಯಾಕೆ ಈಗ ಮಾತಾಡಲ್ಲ? ಆ ದಾರಿ ಬಿಟ್ಟೋನು ಗಂಡೋ ಎಣ್ಣೋ ಗೊತ್ತಾಯ್ತಾ?” ಎಂದು ಕೇಳಿದಳು. ಗುಡ್ಡದಿಂದ ಬಂದ ಮೇಲೆ ಮೇಷ್ಟ್ರು ಅಂದು ಮೊದಲ ಸಲ ನಕ್ಕರು.

ಆ ಫೋಟೋ ಮಾತ್ರ ಫೋನಿನಿಂದ ಫೋನಿಗೆ ತಿರುಗುತ್ತಲೇ ಇತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಟ್ರೇನಿನಲ್ಲಿ ನಾನು ಒಬ್ಬಳೇ ಬರುತ್ತಿದ್ದೆ. ಎದುರಿಗೆ ಒಬ್ಬ ತಾಯಿ, ಮಡಿಲಲ್ಲಿ ಮಗು. ಮಾಲೂರು ದಾಟಿದ ಮೇಲೆ ಅವಳು ಬಾಗಿ, “ನಿಮ್ ಮನೇಲಿ ಚಿಕ್ ಮಕ್ಕಳವ್ರಾ ಅಕ್ಕ? ಉಷಾರು. ಈ ಕಡೆ ಇಂತವ್ರು ಓಡಾಡ್ತಾವ್ರಂತೆ” ಎಂದು ಫೋನು ತೋರಿಸಿದಳು. ಮಗುವನ್ನು ಎದೆಗೊತ್ತಿಕೊಂಡ ಕಪ್ಪು ಆಕಾರ. ಕಾಲರಿನ ಹೊಲಿಗೆ ಒಂದು ಕಡೆ ಸೊಟ್ಟಗಿತ್ತು. ಅವಸರದಲ್ಲಿ ಹೊಲಿದಿದ್ದೆ.

ಡಬ್ಬಿಯ ತುಂಬ ಜನ. ಆದರೆ ಸುಮ್ಮನಿದ್ದರೆ ಅವಳು ಅದನ್ನು ಮುಂದಿನವರಿಗೂ ತೋರಿಸುತ್ತಾಳೆ.

“ಅದು ನಾನೇ” ಎಂದೆ.

ಅವಳು ಮಗುವನ್ನು ಕಿಟಕಿಯ ಕಡೆಗೆ ಸರಿಸಿಕೊಂಡಳು. ನಾನು ಕೂತಲ್ಲಿಂದ ಅಲ್ಲಾಡದೆ, ಎರಡೂ ಕೈಯನ್ನು ತೊಡೆಯ ಮೇಲೆ ಅವಳಿಗೆ ಕಾಣುವಂತೆ ಇಟ್ಟುಕೊಂಡು, ಮೊದಲಿಂದ ಹೇಳಿದೆ. ಸಿನಿಮಾ, ಕೋಟು, ಗಾಳಿ, ಹಳ್ಳ. ಅವಳು ಒಮ್ಮೆ ಫೋನನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದಳು. ಟ್ಯಾಕಲ್ ಬಂದು ಹೋಯಿತು. ಬಂಗಾರಪೇಟೆಗೆ ಗಾಡಿ ನಿಧಾನವಾಗುವಾಗ ನಾನು ಎದ್ದು ನಿಂತೆ. ಮೇಲಿನ ಕಂಬಿ ಹಿಡಿದುಕೊಂಡೆ.

“ಈ ಕೋಟು ನೀವೇ ಒಲ್ದಿದ್ದಾ?” ಎಂದಳು ಅವಳು.

“ಊಂ.”

ಅವಳು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, ಅಳಿಸಿದಳು. ನಾನು ಇಳಿದೆ.